ತಂತಿ ಕಡಿದ ಮಾಸ್ತರ ಮತ್ತು ನನ್ನ ಎರಡು ಸರ್ಟಿಫಿಕೇಟು

ಠಾಣೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತುಕೊಂಡೇ ನಾನು ಒಬ್ಬ ಮನುಷ್ಯನ ಬುದ್ಧಿ ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನ ಮಾಡಿದೆ. ಕುಳಿತುಕೊಳ್ಳಲೂ ಇಲ್ಲ. ಹೊರಗೆ ಟಾಂಗಾ ನಿಲ್ಲಿಸಿ ಬಂದಿದ್ದೆ. ಹತ್ತು ನಿಮಿಷ ಹಿಡಿಯಿತು. ಆಮೇಲೆ ನಡೆದದ್ದಕ್ಕೆಲ್ಲ ಆ ಠಾಣೆಯ ಮುಖ್ಯಸ್ಥ ಅಮೀನನನ್ನು ಬೈಯಲು ನನಗೆ ಬೇಕಾದಷ್ಟು ಕಾರಣಗಳಿವೆ, ಬೈಯುತ್ತೇನೆ ಕೂಡ. ಆದರೆ ಮೊದಲು ಆ ಹತ್ತು ನಿಮಿಷದ ಲೆಕ್ಕ ಒಪ್ಪಿಸಿಬಿಡಬೇಕು.

ನಿಜಾಮರ ರಾಜ್ಯ. ಯುರೋಪಿನ ಎರಡನೆಯ ಮಹಾಯುದ್ಧ ಶುರುವಾಗಿ ವರ್ಷ ದಾಟಿತ್ತು. ವಾಡಿಗೂ ಸೇಡಂಗೂ ನಡುವಿನ ಒಂದು ಊರಿನಲ್ಲಿ ನಾನು ಸರ್ಕಾರಿ ದವಾಖಾನೆಯ ಡಾಕ್ಟರನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಒಂದು ಬೆಳಿಗ್ಗೆ ರೈಲು ಹಳಿಯ ಪಕ್ಕದ ಟೆಲಿಗ್ರಾಫ್ ತಂತಿ ತುಂಡಾಗಿತ್ತು. ಕಡಿದವನು ಓಡಿಹೋಗಿರಲಿಲ್ಲ. ಕಂಬದ ಬುಡದಲ್ಲಿ ಇಕ್ಕಳ ಕೈಯಲ್ಲಿ ಹಿಡಿದು ಕುಳಿತಿದ್ದ. ಅವನು ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ತರ, ಇಪ್ಪತ್ತನಾಲ್ಕು ವರ್ಷದವನು.

ಆ ದಿನಗಳಲ್ಲಿ ನಾಲ್ಕು ಮಂದಿ ಕೂತು ಪತ್ರಿಕೆ ಓದಿದರೂ ಠಾಣೆಗೆ ಸುದ್ದಿ ಹೋಗುತ್ತಿತ್ತು. ಹೀಗಿರುವಾಗ ಒಬ್ಬ ಮಾಸ್ತರ ತಂತಿ ಕಡಿದನೆಂದರೆ ಅದರ ಹಿಂದೆ ಒಂದು ಗುಂಪು ಇರಲೇಬೇಕೆಂದು ಅಮೀನ ನಂಬಿದ. ಅವನಿಗೆ ಬೇಕಾದದ್ದು ಗುಂಪು. ಹುಚ್ಚನೊಬ್ಬ ಸಿಕ್ಕರೆ ಅವನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ, ಬುದ್ಧಿ ಸರಿಯಿದೆ ಎಂದು ಬರೆಸಿಕೊಳ್ಳಲು ನನ್ನನ್ನು ಕರೆಸಿದ.

ನಾಡಿ ಹಿಡಿದೆ, ಸ್ವಲ್ಪ ಜೋರಾಗಿತ್ತು. ಕಣ್ಣು ನೋಡಿದೆ, ಗಾಂಜಾ ಸೇದಿದವನ ಕಣ್ಣಲ್ಲ. ಜ್ವರವಿಲ್ಲ. ಹೆಸರು, ವಾರ, ತಿಥಿ ಕೇಳಿದೆ, ಸರಿಯಾಗಿ ಹೇಳಿದ. ಹದಿನೇಳು ಹದಿಮೂರಲೆ ಎಷ್ಟು ಎಂದೆ. “ಎರಡುನೂರಾ ಇಪ್ಪತ್ತೊಂದು” ಎಂದ. ಪ್ರತಿ ಉತ್ತರಕ್ಕೂ ಮೊದಲು ತಲೆಯನ್ನು ಎಡಕ್ಕೆ ವಾಲಿಸಿ ಒಂದು ಗಳಿಗೆ ತಡೆಯುತ್ತಿದ್ದ, ಯಾರದೋ ಮಾತು ಮುಗಿಯಲಿ ಎಂದು ಕಾಯುವವನ ಹಾಗೆ. ಅದನ್ನು ನಾನು ಕಂಡೆ. ಕಂಡೂ ಬರೆದುಕೊಳ್ಳಲಿಲ್ಲ.

“ತಂತಿ ಯಾಕ ಕಡದ್ರಿ?” ಎಂದು ಕೇಳಿದೆ.

“ಅದರಾಗ ನನ್ನ ಮಾತು ಹೊಂಟಿದ್ದುವು. ನಿಂದ್ರಸಬೇಕಾಗಿತ್ತು” ಎಂದ.

ಅಮೀನ ನಕ್ಕ. “ನೋಡಿದ್ರೇನು ಡಾಕ್ಟರ್ ಸಾಬ್? ಲೆಕ್ಕ ಕೇಳಿದ್ರ ಶಾಣ್ಯಾ, ತಂತಿ ಕೇಳಿದ್ರ ಹುಚ್ಚ. ಸೋಂಗ್ ಹಾಕ್ಲಿಕತ್ತಾನ.”

ನಟಿಸುತ್ತಿದ್ದಾನೆ ಎಂದೇ ನನಗೂ ಅನ್ನಿಸಿತು. ಗುಣಾಕಾರ ಮಾಡುವವನು ಹುಚ್ಚನಾಗುವುದು ಹೇಗೆ? ಹುಚ್ಚ ಎಂದರೆ ಬಟ್ಟೆ ಹರಿದುಕೊಳ್ಳಬೇಕು, ಕಲ್ಲು ಒಗೆಯಬೇಕು, ತನ್ನ ಹೆಸರೇ ಮರೆತಿರಬೇಕು. ಆರು ವರ್ಷ ಡಾಕ್ಟರಿಕೆ ಮಾಡಿದವನ ತಿಳಿವಳಿಕೆ ಇಷ್ಟೇ ಇತ್ತು. ‘ಅಕಲು ದುರುಸ್ತಾಗಿದೆ’, ಅಂದರೆ ಬುದ್ಧಿ ಸರಿಯಿದೆ, ಎಂದು ಉರ್ದುವಿನಲ್ಲಿ ಬರೆದು ಸಹಿ ಹಾಕಿ ಟಾಂಗಾ ಹತ್ತಿದೆ.

ಐದನೆಯ ದಿನ ಮಧ್ಯಾಹ್ನ, ಹೊರರೋಗಿಗಳು ಹೋದ ಮೇಲೆ, ಒಬ್ಬ ಮಡಿ ಹೆಂಗಸು ದವಾಖಾನೆಯ ಪಡಸಾಲೆಯಲ್ಲಿ ಬಂದು ನಿಂತಳು. ಕೆಂಪು ಸೀರೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕುಂದ್ರಿ ಎಂದರೆ ಕೂರಲಿಲ್ಲ.

“ನಾ ಮಳಖೇಡದಾಕಿರಿ. ತಂತಿ ಕಡದಾನಲ್ಲ, ಆ ಮಾಸ್ತರ ನನ್ನ ತಮ್ಮ. ಅಂವಂದು ಬುದ್ಧಿ ಸರಿ ಅದ ಅಂತ ನೀವು ಬರದೀರಂತ. ಎಲ್ಲಿ ನೋಡಿದ್ರಿ ಸರಿ ಇದ್ದದ್ದು?”

ನಾನು ಲೆಕ್ಕದ ವಿಷಯ ಹೇಳಿದೆ.

“ಲೆಕ್ಕ!” ಎಂದಳು. “ಲೆಕ್ಕ ಅಂವ ನಿದ್ದಿಗಣ್ಣಾಗೂ ಮಾಡ್ತಾನ. ನಮ್ಮವ್ವ ಸತ್ತ ದಿನ ಹೆಣದ ಮುಂದ ಕುಂತು ನಕ್ಕಾನ್ರಿ. ನಗೂ ಬರಬ್ಯಾಡಂದ್ರೂ ಬರ್ಲಿಕತ್ತದ ಅಕ್ಕಾ ಅಂದ. ಅದಕ್ಕೇನಂತೀರಿ?”

ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಎರಡು ವರ್ಷದ ಹಿಂದೆ, ಆಡಕಿಯ ಶಾಲೆಯಲ್ಲಿದ್ದಾಗ, ತಮ್ಮ ಮೊದಲು ಮಾತು ಕಡಿಮೆ ಮಾಡಿದ. ಸ್ನಾನ ಬಿಟ್ಟ, ಸಂಧ್ಯಾವಂದನೆ ಬಿಟ್ಟ. ಮನೆಯವರು ಮೈಗಳ್ಳನಾದ ಎಂದು ಬೈದರು. ಗೆಳೆಯರು ಬಂದರೆ ಒಳಗೆ ಹೋಗಿ ಕುಳಿತ. ಆಮೇಲೆ ತಾನು ಮನಸ್ಸಿನಲ್ಲಿ ಅಂದುಕೊಂಡದ್ದು ಬೀದಿಯವರಿಗೆಲ್ಲ ಕೇಳಿಸುತ್ತದೆ ಎಂದು ಕಿಟಕಿಗೆ ಸೆಗಣಿ ಮೆತ್ತಿದ. ಅಕ್ಕನ ಕೈಯ ಅನ್ನ ಬಿಟ್ಟ. ಸಿಪ್ಪೆ ಇದ್ದ ಬಾಳೆಹಣ್ಣು, ಒಡೆಯದ ಶೇಂಗಾಕಾಯಿ, ತನ್ನೆದುರಿಗೇ ಒಡೆದ ತೆಂಗಿನಕಾಯಿ: ಬೇರೆಯವರ ಕೈ ಒಳಗೆ ಹೋಗದ ಪದಾರ್ಥ ಮಾತ್ರ ತಿನ್ನುತ್ತಿದ್ದ.

“ಯಾರಿಗಾದ್ರೂ ತೋರಿಸಿದ್ರೇನು?”

“ಆಚಾರ್ಯರ ಹತ್ರ ಮಂತ್ರಾಕ್ಷತಿ ಹಾಕಿಸಿದಿವಿ. ದರ್ಗಾಕ್ಕ ಹೋಗಿ ತಾಯಿತ ಕಟ್ಟಿಸಿದಿವಿ. ಡಾಕ್ಟರಗ ತೋರಿಸಲಿಲ್ಲ. ಕನ್ಯಾ ನೋಡ್ಲಿಕತ್ತಿದ್ವಿ. ಹುಚ್ಚ ಅಂದ್ರ ಯಾರು ಕೊಡ್ತಾರ? ನಾನೇ ಮುಚ್ಚಿಟ್ಟೆ.” ಅಷ್ಟು ಹೇಳಿ ಗಂಟನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. “ಇದನ್ನ ನೋಡ್ರಿ. ಆಮ್ಯಾಲೆ ಬುದ್ಧಿ ಸರಿ ಅದ ಅಂತ ಇನ್ನೊಮ್ಮೆ ಬರೀರಿ.”

ಒಳಗೆ ಮೂರು ನೋಟುಬುಕ್ಕುಗಳಿದ್ದವು. ಮಾಸ್ತರನ ಮುತ್ತಿನಂಥ ಅಕ್ಷರ. ಪ್ರತಿ ಪುಟಕ್ಕೂ ಪಟ್ಟಿ ಹಿಡಿದು ನಡುವೆ ಗೆರೆ ಎಳೆದಿದ್ದ. ಎಡಗಡೆ ‘ಗಂಡು ದನಿ’, ಬಲಗಡೆ ‘ಹೆಣ್ಣು ದನಿ’. ಪಕ್ಕದಲ್ಲಿ ಗಂಟೆ, ನಿಮಿಷ.

‘ಅಂವ ಈಗ ಲೋಟ ಎತ್ತಿದ.’

‘ಎತ್ತಲಿ ಬಿಡು. ಕುಡಿಯಂಗಿಲ್ಲ.’

‘ಅಂಜ್ಯಾನ.’

‘ನಾವು ಅಂದದ್ದು ಬರೀಲಿಕತ್ತಾನ ನೋಡು.’

‘ಬರೀಲಿ. ಯಾರು ಓದ್ತಾರ?’

ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಆದರೂ ಹೇಳುತ್ತೇನೆ, ಆಗಲೂ ನನಗೆ ಬಂದ ಮೊದಲ ಯೋಚನೆ ಇದು: ತಮ್ಮನನ್ನು ಬಿಡಿಸಲು ಅಕ್ಕ ಹೊಸದಾಗಿ ಬರೆಸಿದ್ದಿರಬಹುದು. ಶಾಯಿ ನೋಡಿದೆ. ಮೊದಲ ಪುಸ್ತಕದ ಶಾಯಿ ಮಾಸಿ ಕಂದಾಗಿತ್ತು, ಅಂಚುಗಳನ್ನು ಗೆದ್ದಲು ತಿಂದಿತ್ತು. ಐದು ದಿನದಲ್ಲಿ ಗೆದ್ದಲು ಹಿಡಿಸಲು ಯಾರಿಂದಲೂ ಆಗದು.

ಕಲಿಯುವಾಗಿನ ಪುಸ್ತಕವನ್ನು ಪೆಟ್ಟಿಗೆಯ ತಳದಿಂದ ತೆಗೆದೆ. ಈ ರೋಗಕ್ಕೆ ಹಳೆಯ ಹೆಸರು ಡಿಮೆನ್ಷಿಯಾ ಪ್ರಿಕಾಕ್ಸ್. ನಮ್ಮ ಉಪಾಧ್ಯಾಯರು ಹೊಸ ಹೆಸರು ಹೇಳಿದಾಗ ನಾನು ಅಂಚಿನಲ್ಲಿ ಪೆನ್ಸಿಲಿನಿಂದ ‘ಸ್ಕಿಜೋಫ್ರೇನಿಯಾ’ ಎಂದು ಗೀಚಿಕೊಂಡಿದ್ದೆ. ಪರೀಕ್ಷೆಗಾಗಿ ಓದಿ, ಪರೀಕ್ಷೆಯ ಜೊತೆಗೇ ಮರೆತಿದ್ದೆ. ಈಗ ಓದಿದರೆ ಆ ಹೆಂಗಸು ಹೇಳಿದ್ದೇ ಅಲ್ಲಿ ಅಚ್ಚಾಗಿತ್ತು. ಹರೆಯದಲ್ಲಿ ಶುರು. ಮೊದಲು ಮನುಷ್ಯ ಒಳಕ್ಕೆ ಸರಿಯುತ್ತಾನೆ. ಆಸೆ, ಹಟ, ಮಮತೆ ಬತ್ತುತ್ತವೆ. ಅಳುವಲ್ಲಿ ನಗು ಬರುತ್ತದೆ. ತನ್ನ ಯೋಚನೆ ತನ್ನದಾಗಿ ಉಳಿಯುವುದಿಲ್ಲ, ಹೊರಗಿನವರು ಅದನ್ನು ಕದಿಯುತ್ತಾರೆ, ಹರಡುತ್ತಾರೆ ಎನಿಸುತ್ತದೆ. ಇಲ್ಲದ ದನಿಗಳು ಕೇಳುತ್ತವೆ. ಇಷ್ಟೆಲ್ಲ ಆದರೂ ನೆನಪು ಇರುತ್ತದೆ, ಲೆಕ್ಕ ಬರುತ್ತದೆ. ನಾನು ಅವನ ಲೆಕ್ಕ ಪರೀಕ್ಷಿಸಿದ್ದೆ. ರೋಗ ಲೆಕ್ಕದಲ್ಲಿ ಇರಲಿಲ್ಲ.

ಅಲ್ಲಿಂದ ನೇರವಾಗಿ ಠಾಣೆಗೆ ಹೋದೆ. ಮಾಸ್ತರ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ. ಅಂಗಾಲುಗಳು ಬಾತು ನೀಲಿಯಾಗಿದ್ದವು. ಪಕ್ಕದ ಕೋಣೆಯಲ್ಲಿ ಊರಿನ ಹೆಡ್‌ಮಾಸ್ತರರಿದ್ದರು, ಐವತ್ತು ದಾಟಿದ ಸಾಧು ಮನುಷ್ಯ. ಕಿವಿಯ ಮೇಲೆ ಕೈ ಒತ್ತಿ ಹಿಡಿದುಕೊಂಡಿದ್ದರು.

“ಇವರನ್ನ್ಯಾಕ ತಂದ್ರಿ?” ಎಂದೆ.

ಅಮೀನ ಬೀಗುತ್ತ ಹೇಳಿದ: “ನಿಮ್ಮ ಮಾಸ್ತರೇ ಹೇಳ್ಯಾನ. ತಂತಿ ಕಡಿ ಅಂತ ಯಾರೋ ಹೇಳಿದ್ರು ಅಂದ. ‘ಅವರು ಹೇಳ್ತಾರ, ಅವರು ಹೇಳ್ತಾರ’ ಅಂತಾನ. ಅವರಂದ್ರ ಯಾರಲೇ ಅಂತ ಕೇಳಿದಿವಿ. ಎರಡು ದಿನ ಹೇಳಲಿಲ್ಲ. ಮೂರನೇ ದಿನ ಹೆಡ್‌ಮಾಸ್ತರನ ದನಿ ಅಂದ. ಆತಲ್ಲ? ಇನ್ನೂ ಹೆಸರು ಬರ್ತಾವ.”

ಇಲ್ಲದವರ ಹೆಸರು ಹೇಳೆಂದು ಒಬ್ಬ ರೋಗಿಯ ಅಂಗಾಲಿಗೆ ಹೊಡೆದಿದ್ದಾರೆ. ಅವನು ಸುಳ್ಳು ಹೇಳಿರಲಿಲ್ಲ. ಕೇಳುತ್ತಿದ್ದ ದನಿಗಳಲ್ಲಿ ಯಾವುದೋ ಒಂದು ಹೆಡ್‌ಮಾಸ್ತರರ ದನಿಯ ಹಾಗಿದ್ದಿರಬೇಕು. ಕೇಳಿದ್ದಕ್ಕೆ ನಿಜವಾದ ಉತ್ತರ ಕೊಟ್ಟಿದ್ದ.

“ಈ ಮನಷ್ಯಾಗ ರೋಗ ಅದ. ಹೊಡೀಬ್ಯಾಡ್ರಿ” ಎಂದೆ.

“ರೋಗ?” ಅಮೀನ ಮೇಜಿನ ಖಾನೆಯಿಂದ ನನ್ನ ಕಾಗದ ತೆಗೆದು ಕಣ್ಣೆದುರು ಹಿಡಿದ. “ಇದು ಯಾರ ಸಹಿ ಡಾಕ್ಟರ್ ಸಾಬ್?”

ಮಾಸ್ತರನನ್ನು ಹೊಡೆಯಲು ಕೈ ಎತ್ತಿದವರ ಹತ್ತಿರ ನನ್ನ ಸಹಿಯಿತ್ತು. ಆ ಕಾಗದವಿಲ್ಲದೆ ಇಷ್ಟು ಧೈರ್ಯ ಅವರಿಗೆ ಬರುತ್ತಿರಲಿಲ್ಲ.

ಮರುದಿನ ಮುನ್ಸಿಫ್ ಸಾಹೇಬರನ್ನು ಕಂಡೆ. ಹೈದರಾಬಾದಿನಿಂದ ಬಂದವರು, ತೂಕದ ಮನುಷ್ಯ, ಮಾತು ಕಡಿಮೆ. ರೋಗಿಯನ್ನು ದವಾಖಾನೆಯಲ್ಲಿಟ್ಟು ಏಳು ದಿನ ನೋಡಲು ಅಪ್ಪಣೆ ಬೇಕೆಂದೆ. ಅವರು ಕಡತ ತಿರುವಿ ಹಾಕಿ ಉರ್ದುವಿನಲ್ಲಿ ಶಾಂತವಾಗಿ ಕೇಳಿದರು: ಐದು ದಿನದ ಹಿಂದೆ ಸರಿ ಎಂದು ಬರೆದಿದ್ದೀರಿ, ಇವತ್ತು ರೋಗಿ ಎನ್ನುತ್ತೀರಿ. ಇವೆರಡರಲ್ಲಿ ಯಾವ ದಿನ ನೀವು ನಿಮ್ಮ ಕೆಲಸ ಮಾಡಿದಿರಿ?

ಉತ್ತರ ಬರವಣಿಗೆಯಲ್ಲಿ ಬೇಕೆಂದರು.

ದವಾಖಾನೆಗೆ ಬಂದು ಕಾಗದದ ಮುಂದೆ ಕುಳಿತೆ. ನನಗಿಂತ ಹೆಚ್ಚು ವರ್ಷ ಸರ್ಕಾರಿ ಚಾಕರಿ ಮಾಡಿದ ಕಂಪೌಂಡರ್ ಹಿಂದೆ ಬಂದು ನಿಂತ.

“ಸಾಹೇಬ್ರ, ‘ಆಮ್ಯಾಲೆ ರೋಗ ಹೆಚ್ಚಾಗ್ಯದ’ ಅಂತ ಬರೀರಿ. ನಿಮ್ಮ ನೌಕರೀನೂ ಉಳೀತದ, ಅಂವನೂ ಉಳೀತಾನ.”

ಅದು ಜಾಣ ದಾರಿ. ಆದರೆ ಹಾಗೆ ಬರೆದರೆ ತಂತಿ ಕಡಿದ ದಿನ ಮಾಸ್ತರ ಸರಿಯಿದ್ದ ಎಂದೇ ಆಗುತ್ತಿತ್ತು. ಆಗ ಅವನ ಅಪರಾಧ ನಿಲ್ಲುತ್ತಿತ್ತು, ಹೆಡ್‌ಮಾಸ್ತರರ ಹೆಸರೂ ನಿಲ್ಲುತ್ತಿತ್ತು. ಅರ್ಧ ಸುಳ್ಳಿನಿಂದ ಉಳಿಯುವವನು ನಾನೊಬ್ಬನೇ.

ನಾನು ಬರೆದದ್ದು ಇಷ್ಟು: ‘ಮೊದಲ ಪರೀಕ್ಷೆಯನ್ನು ನಾನು ಅವಸರದಿಂದ, ನಿಂತುಕೊಂಡು, ಹತ್ತು ನಿಮಿಷದಲ್ಲಿ ಮಾಡಿದೆ. ರೋಗದ ಗುರುತು ಕಣ್ಣೆದುರಿಗಿದ್ದರೂ ದಾಖಲು ಮಾಡಲಿಲ್ಲ. ಆ ಸರ್ಟಿಫಿಕೇಟು ತಪ್ಪು. ತಪ್ಪು ನನ್ನದು.’ ಕಂಪೌಂಡರ್ ಓದಿ ತಲೆ ಚಚ್ಚಿಕೊಂಡ.

ಮುನ್ಸಿಫರು ಏಳು ದಿನ ಕೊಟ್ಟರು. ಅಮೀನ ಬಿಡಲಿಲ್ಲ, ತನ್ನ ಒಬ್ಬ ಪೊಲೀಸು ಜವಾನನನ್ನು ಕೋಣೆಯ ಬಾಗಿಲಲ್ಲಿ ಕಾವಲಿಗಿಟ್ಟ. ನಾಟಕ ಮಾಡುವವನು ಡಾಕ್ಟರ ಹೋದ ಮೇಲೆ ಹೇಗಿರುತ್ತಾನೆ ನೋಡಿ ತನಗೆ ವರದಿ ಮಾಡು ಎಂದು ಹೇಳಿ ಕಳಿಸಿದ್ದ. ಬರಲಿ ಎಂದೆ. ನನಗೂ ಅದೇ ಬೇಕಾಗಿತ್ತು.

ಏಳು ದಿನ ಏನು ಮಾಡಿದೆನೆಂದರೆ, ಕುಳಿತೆ. ಔಷಧಿಯ ಬಲ ನನ್ನಲ್ಲಿ ಇರಲಿಲ್ಲ. ಬ್ರೋಮೈಡು ಇತ್ತು, ಪ್ಯಾರಾಲ್ಡಿಹೈಡು ಇತ್ತು. ಎರಡೂ ನಿದ್ದೆ ತರಿಸುತ್ತವೆ, ರೋಗ ಮುಟ್ಟುವುದಿಲ್ಲ. ಅಂಗಾಲಿಗೆ ಉಪ್ಪುನೀರಿನ ಶಾಖ ಕೊಡಿಸಿದೆ. ಕೋಣೆಗೆ ಹೋಗಿ ಗೋಣಿತಟ್ಟಿನ ಮೇಲೆ ಕೂತು, ಅವನು ಏನು ಮಾಡಿದ, ಏನೆಂದ ಎಂಬುದನ್ನು ಗಂಟೆಗೊಮ್ಮೆ ಬರೆದೆ. ‘ದನಿ ಕೇಳುತ್ತದೆಯೇ?’ ಎಂದು ಒಮ್ಮೆಯೂ ನಾನಾಗಿ ಕೇಳಲಿಲ್ಲ. ಬಾಯಿಗೆ ಮಾತು ಇಟ್ಟು ಮಾತು ತೆಗೆಯುವುದು ಠಾಣೆಯಲ್ಲಿ ಆಗಿತ್ತು, ಸಾಕು.

ಎರಡನೆಯ ದಿನ ಕೆಲಸ ಕೆಟ್ಟಿತು. ಕಂಪೌಂಡರ್ ಊಟದ ತಟ್ಟೆ ಇಟ್ಟು ಪ್ರೀತಿಯಿಂದ “ಉಣ್ರಿ ಮಾಸ್ತರ” ಎಂದು ಭುಜ ಮುಟ್ಟಿದ. ಮಾಸ್ತರ ತಟ್ಟೆ ಒದ್ದು ಮೂಲೆ ಸೇರಿದ. ಮೂರನೆಯ ದಿನ ಸಂಜೆಯವರೆಗೂ ಒಂದು ಮಾತಿಲ್ಲ, ಒಂದು ತುತ್ತಿಲ್ಲ. ಎತ್ತಿದ ಕೈಯನ್ನು ಎತ್ತಿದ ಹಾಗೇ ಹಿಡಿದುಕೊಂಡು ಕುಳಿತಿದ್ದ. ಮೊಂಡುತನ ಎಂದು ಜವಾನ ಗೊಣಗಿದ. ಮೊಂಡುತನದಿಂದ ಅಷ್ಟು ಹೊತ್ತು ಕೈ ಎತ್ತಿ ಹಿಡಿಯಲು ನೀನೇ ಪ್ರಯತ್ನ ಮಾಡು ಎಂದೆ. ಅವನು ಪ್ರಯತ್ನ ಮಾಡಿದ. ಸ್ವಲ್ಪ ಹೊತ್ತಿಗೇ ಕೈ ನಡುಗಿ ಇಳಿಸಿದ. ಆಮೇಲೆ ಗೊಣಗಲಿಲ್ಲ.

ನಾಲ್ಕನೆಯ ದಿನ ಅಕ್ಕ ಶೇಂಗಾಕಾಯಿ ತಂದಳು. ನಾನು ಅವನ ಎದುರಿಗೆ ಒಂದು ಹಿಡಿ ಸುರಿದು, ನನ್ನ ಪಾಲಿನದನ್ನು ಸುಲಿದು ತಿನ್ನುತ್ತ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅವನೂ ಒಂದು ಸುಲಿದ.

“ಡಾಕ್ಟರ್ ಸಾಹೇಬ್ರ, ನಿಮಗ ಕೇಳಸಂಗಿಲ್ಲೇನು?” ಎಂದ. ಆ ದಿನದ ಮೊದಲ ಮಾತು ಅದು.

“ಇಲ್ಲಪಾ. ನನಗ ಕೇಳಸಂಗಿಲ್ಲ. ನಿಮಗ ಕೇಳಸ್ತದ ಅನ್ನೂದು ಮಾತ್ರ ನಂಬೀನಿ.”

“ಯಾರೂ ಹಂಗ ಅಂದಿದ್ದಿಲ್ಲ” ಎಂದು, ಮತ್ತೆ ಎಡಕ್ಕೆ ತಲೆ ವಾಲಿಸಿ ಇನ್ನೊಂದು ಕಾಯಿ ಸುಲಿದ.

ಎಂಟನೆಯ ದಿನ ಮುನ್ಸಿಫರ ಕಚೇರಿ ತುಂಬಿತ್ತು. ಅಮೀನ ತನ್ನ ಜವಾನನನ್ನೇ ಸಾಕ್ಷಿಗೆ ನಿಲ್ಲಿಸಿದ. ಡಾಕ್ಟರ ಇಲ್ಲದಾಗ ಆರೋಪಿ ಹೇಗಿರುತ್ತಿದ್ದ ಹೇಳು ಎಂದ. ಜವಾನ ಒಮ್ಮೆ ಅಮೀನನ ಮುಖ ನೋಡಿದ, ಒಮ್ಮೆ ಮುನ್ಸಿಫರ ಮುಖ ನೋಡಿದ.

“ಹುಜೂರ್, ಡಾಕ್ಟರ್ ಇದ್ದಾಗ ಸುಮ್ನಿರ್ತಿದ್ದ. ಅವರು ಹೋದಮ್ಯಾಲೆ ಗ್ವಾಡಿ ಜೋಡಿ ಮಾತಾಡ್ತಿದ್ದ. ಬಿಡ್ರಿ, ಸುಮ್ನಿರ್ರಿ ಅಂತ ಕೈ ಮುಗೀತಿದ್ದ. ಅಳ್ತಿದ್ದ. ನಾ ನೋಡ್ಲಿಕತ್ತೀನಿ ಅಂತ ಗೊತ್ತಾದ್ರ ಬಾಯಿ ಮುಚ್ಕೋತಿದ್ದ.”

“ನಿನಗೆ ಕಾಣಲೆಂದು ಹಾಗೆ ಮಾಡುತ್ತಿದ್ದನೇ?” ಎಂದು ಮುನ್ಸಿಫರು ಕೇಳಿದರು.

“ಇಲ್ಲ ಹುಜೂರ್. ಮುಚ್ಚಿಡ್ತಿದ್ದ.”

ಅಮೀನನ ಮುಖ ಕಪ್ಪಿಟ್ಟಿತು. ಆ ಜವಾನನ ಮುಂದಿನ ದಿನಗಳು ಹೇಗಿದ್ದಿರಬೇಕೆಂದು ಯಾರಾದರೂ ಊಹಿಸಬಹುದು. ಆದರೂ ಹೇಳಿದ.

ಆಮೇಲೆ ಮುನ್ಸಿಫರು ಮಾಸ್ತರನನ್ನೇ ಮಾತಾಡಿಸಿದರು. ಅವರ ಪ್ರಶ್ನೆಗಳನ್ನು ಕೋರ್ಟಿನ ಗುಮಾಸ್ತ ಪೇಶ್ಕಾರ ಕನ್ನಡದಲ್ಲಿ ಕೇಳುತ್ತ ಹೋದ.

“ತಂತಿ ಕಡಿ ಅಂತ ಹೆಡ್‌ಮಾಸ್ತರ್ ಹೇಳಿದ್ರೇನು?”

“ಹೇಳಿದ್ರು.”

ಕಟಕಟೆಯ ಪಕ್ಕದಲ್ಲಿ ನಿಂತ ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು.

“ಎಲ್ಲಿ ಹೇಳಿದ್ರು? ಸಾಲ್ಯಾಗೋ, ಮನ್ಯಾಗೋ?”

ಮಾಸ್ತರನಿಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. ಎಡಗಿವಿಯ ಹಿಂದೆ ಬೆರಳು ಮುಟ್ಟಿ ತೋರಿಸಿ, “ಇಲ್ಲಿ” ಎಂದ.

“ಯಾವಾಗ?”

“ಯಾವಾಗಂದ್ರ ಹ್ಯಾಂಗ ಹೇಳ್ಲಿ? ಈಗೂ ಹೇಳ್ಲಿಕತ್ತಾರಲ್ಲ. ಈಗ ‘ಏನೂ ಹೇಳಬ್ಯಾಡ, ಬಾಯಿ ಮುಚ್ಚು’ ಅನ್ನಲಿಕತ್ತಾರ.”

ಎಲ್ಲರೂ ಹೆಡ್‌ಮಾಸ್ತರರ ಕಡೆ ತಿರುಗಿದರು. ಅವರ ತುಟಿ ಬಿಗಿಯಾಗಿ ಮುಚ್ಚಿತ್ತು.

ಎಷ್ಟು ಸಣ್ಣ ಪ್ರಶ್ನೆ! ಎಲ್ಲಿ ಕೇಳಿಸಿತು? ಅಮೀನ ಲಾಠಿ ಹಿಡಿದು ಮೂರು ದಿನ ಕೇಳಿದ್ದು ‘ಯಾರು’ ಎಂದು. ‘ಎಲ್ಲಿ’ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವನ ಮಾತು ಬಿಡಿ, ಅವನು ಅದನ್ನು ಓದಿದವನಲ್ಲ. ನಾನು ಓದಿದ್ದೆ, ನನಗೂ ಹೊಳೆದಿರಲಿಲ್ಲ.

ಹೆಡ್‌ಮಾಸ್ತರರನ್ನು ಅಲ್ಲಿಯೇ ಬಿಟ್ಟರು. ಮಾಸ್ತರನನ್ನು ಸರ್ಕಾರದ ಹುಚ್ಚಾಸ್ಪತ್ರೆಗೆ ಕಳಿಸುವಂತೆ ಹುಕುಮಾಯಿತು. ಮೊದಲ ಸರ್ಟಿಫಿಕೇಟಿನ ವಿಷಯ ನನ್ನ ಮೇಲಿನವರಿಗೆ ಹೋಯಿತು. ಅಮೀನನ ಮೇಲೆ ಒಂದು ಅಕ್ಷರವನ್ನೂ ಯಾರೂ ಬರೆಯಲಿಲ್ಲ. ಅಂಗಾಲಿನ ಗಾಯಗಳನ್ನು ನಾನು ಅಳತೆ ಸಮೇತ ದಾಖಲು ಮಾಡಿ ಕೊಟ್ಟಿದ್ದೆ. ಆ ಪುಟ ಕಡತದಲ್ಲಿ ಸೇರಿತೋ ಇಲ್ಲವೋ ನನಗೆ ತಿಳಿಯದು. ಎರಡು ಸಲ ಬರೆದು ಕೇಳಿದೆ. ಉತ್ತರ ಬರಲಿಲ್ಲ.

ವಾಡಿಯವರೆಗೆ ನಾನೂ ಹೋದೆ. ಅಲ್ಲಿ ಗಾಡಿ ಬದಲಿಸಬೇಕಿತ್ತು. ಮಾಸ್ತರನಿಗೆ ಬೇಡಿ ಹಾಕಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಜನ ಸುತ್ತುಗಟ್ಟಿದರು. ಇವನು ಕೈದಿಯಲ್ಲ, ರೋಗಿ, ಬಿಚ್ಚಿರಿ ಎಂದೆ. ಕಾವಲಿನವನು ಮೇಲಿನ ಹುಕುಮು ಬೇಕೆಂದ. ಕೋರ್ಟಿನ ಹುಕುಮನ್ನೇ ಅವನ ಮುಖದೆದುರು ಹಿಡಿದು, ಇದರಲ್ಲಿ ಬೇಡಿ ಎಂಬ ಶಬ್ದ ಎಲ್ಲಿದೆ ತೋರಿಸು ಎಂದು ಕೂಗಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿದ್ದಿಲ್ಲ. ಗಾಡಿ ಬರುವಷ್ಟರಲ್ಲಿ ಬಿಚ್ಚಿದ. ಬಿಚ್ಚಿದ ಕೈಯನ್ನು ಅಕ್ಕ ತನ್ನ ಸೆರಗಿನಿಂದ ಒರೆಸುತ್ತಲೇ ಇದ್ದಳು. ಮಡಿಯನ್ನು ಅವಳು ಆ ದಿನ ಲೆಕ್ಕಕ್ಕೆ ಇಟ್ಟಿರಲಿಲ್ಲ.

“ವಾಪಸ ಬರ್ತಾನೇನ್ರಿ?” ಎಂದು ಕೇಳಿದಳು.

“ಕೆಲವರು ಸುಧಾರಿಸ್ತಾರ. ಕೆಲವರು ಇಲ್ಲ. ಯಾರು ಅಂತ ಮೊದಲ ಹೇಳ್ಲಿಕ್ಕ ನಮಗ ಬರಂಗಿಲ್ಲ” ಎಂದೆ. ಅವಳು ತಲೆಯಾಡಿಸಿ ತಮ್ಮನ ಜೊತೆ ಗಾಡಿ ಹತ್ತಿದಳು. ಅವನು ಬರಲಿಲ್ಲ. ಅವಳೂ ಮಳಖೇಡಕ್ಕೆ ತಿರುಗಿ ಬರಲಿಲ್ಲ; ಆಸ್ಪತ್ರೆಯ ಹತ್ತಿರವೇ ಯಾರದೋ ಮನೆಯಲ್ಲಿ ಅಡಿಗೆ ಮಾಡಿಕೊಂಡು ಇದ್ದಾಳೆಂದು ಕೇಳಿದೆ.

ನನ್ನನ್ನು ಚಿಂಚೋಳಿ ಕಡೆಗೆ ವರ್ಗ ಮಾಡಿದರು. ಹೊರಡುವ ಮುಂಚೆ ಹೆಡ್‌ಮಾಸ್ತರರ ಮನೆಗೆ ಹೋದೆ. ಅವರನ್ನು ಕೆಲಸದಿಂದ ತೆಗೆದಿದ್ದರು. ಬಿಟ್ಟು ಕಳಿಸಿದ್ದು ಕೋರ್ಟು, ಆದರೆ ಒಮ್ಮೆ ಠಾಣೆಯಲ್ಲಿ ಕೂತು ಬಂದ ಮನುಷ್ಯ ಶಾಲೆಗೆ ಬೇಡವಾಗಿದ್ದ. ನಾನು ಏನೋ ಹೇಳಿದೆ. ಅವರು ತಲೆ ತಿರುಗಿಸಿ, “ಈ ಕಡೆ ಬರ್ರಿ. ಆ ಕಿವಿ ಹೋಗ್ಯದ” ಎಂದರು.

ಚೀಲ ತೆರೆದು ಕಿವಿ ನೋಡಿದೆ. ತಮಟೆ ಹರಿದಿತ್ತು, ಒಳಗೆ ಕೀವು. ಇದನ್ನು ಬರೆದು ಕೊಡುತ್ತೇನೆ, ಹೊಡೆತದಿಂದ ಆದದ್ದೆಂದು ಸರ್ಟಿಫಿಕೇಟು ಕೊಡುತ್ತೇನೆ, ಯಾರೂ ಕೇಳದಿದ್ದರೂ ದಾಖಲೆ ಇರಲಿ ಎಂದು ಕಾಗದ ತೆಗೆದೆ.

ಹೆಡ್‌ಮಾಸ್ತರರು ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: “ಬರೀರಿ. ಆದ್ರ ಇದನ್ನೂ ಹತ್ತು ಮಿನಿಟಿನ್ಯಾಗ ಬರೀಬ್ಯಾಡ್ರಿ.”

ನಾನು ಪೆನ್ನು ಕೆಳಗಿಟ್ಟೆ. ಅವರ ಎದುರಿಗೆ ನೆಲದ ಮೇಲೆ ಕುಳಿತು, ಆ ದಿನ ಠಾಣೆಯಲ್ಲಿ ಏನಾಯಿತೆಂದು ಮೊದಲಿನಿಂದ ಹೇಳಿರೆಂದು ಕೇಳಿದೆ.